ಹರಗೋಲಿಗೆ ಎಷ್ಟು ಸಲ ತ್ಯಾಪಿ ಹಾಕ್ತೀರಿ?



ಈ ಸಲ ಅಡಗಿ ಮಾತಿಲ್ಲ, ಉಪ್ಪಿನಕಾಯಿ ಮಾತೂ ಇಲ್ಲ. ಜಗಳದ ಮಾತು ಅದ. ನಮ್ಮ ತವರಿನ ಹರಗೋಲಿನ ಸಲುವಾಗಿ ಒಂದು ತಿಂಗಳಿಂದ ಫೋನಿನಾಗ ಜಗಳ ನಡದದ. ಅಣ್ಣ "ಇನ್ನೊಂದು ತ್ಯಾಪಿ ಹಾಕಿದ್ರ ಈ ವರ್ಷ ನಡೀತದ" ಅಂತಾನ. ನಾನು "ಅದರ ಕಾಲ ಮುಗೀತು, ಹೊಸದು ತಗೋ" ಅಂತೀನಿ. ಅಣ್ಣಗ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಯಾಕಂದ್ರ ಹೊಳಿ ದಂಡಿ ಊರಾಗ ನಿಮ್ಮ ಪೈಕಿ ಭಾಳ ಮಂದಿಗೆ ಬೀಗರಿದ್ದಾರ, ಹೆಣ್ಣಮಕ್ಕಳನ್ನ ಕೊಟ್ಟೀರಿ.

ಮಟಮಾರಿಯೊಳಗ ಹುಟ್ಟಿ ಬೆಳದ ಹುಡುಗ್ಯಾರಿಗೆ ರೈಲು ಗೊತ್ತು, ಹರಗೋಲು ಗೊತ್ತಿಲ್ಲ. ದೊಡ್ಡ ಬುಟ್ಟಿ ಇದ್ದಂಗ ಗುಂಡಗ ಇರ್ತದ. ಬಿದಿರು ಸೀಳಿ ಹೆಣೀತಾರ. ಹಿಂದಕ ಹೊರಗ ಚರ್ಮ ಹೊಚ್ಚತಿದ್ರು, ಈಗ ಪ್ಲಾಸ್ಟಿಕ್ ತಾಡಪತ್ರಿ ಹೊಚ್ಚಿ ಡಾಂಬರು ಬಳೀತಾರ. ಕೆಲವರು ತೆಪ್ಪ ಅಂತಾರ, ಆಚಿ ದಂಡಿ ತೆಲುಗಿನವರು ಪುಟ್ಟಿ ಅಂತಾರ. 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇವನ್ನ ನೋಡಿ ಬರದಿಟ್ಟಾನ: ಬುಟ್ಟಿಯಂಗ ಗುಂಡಗ, ಹೊರಗ ಚರ್ಮ, ಹದಿನೈದು ಇಪ್ಪತ್ತು ಮಂದಿ ಕೂಡಬಹುದು, ನೆಟ್ಟಗ ಹೋಗಂಗಿಲ್ಲ, ತಿರಗತಾ ಹೋಗ್ತಾವ ಅಂತ. ಐನೂರು ವರ್ಷ ಆತು, ಇವತ್ತಿಗೂ ತಿರಗತಾನೇ ಹೋಗ್ತಾವ. ಆತ್ಕೂರಿಂದ ಕುರುವಪುರದ ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕ ಹೋದವರು ಇದರಾಗ ಕುಂತಿರ್ತೀರಿ. ನೀವು ವರ್ಷಕ್ಕೊಮ್ಮೆ ಕುಂತು ಕೈ ಮುಗದು ಬರ್ತೀರಿ. ನಮ್ಮ ಅತ್ತಿಗಿ ದಿನಾ ಕೂಡ್ತಾಳ. ಹೊಲ ನಡುಗಡ್ಡಿಯಾಗ ಅದ. ಕಸ ತಗಿಯಾಕ ಹೋಗಬೇಕಂದ್ರ, ಮೇವು ತರಬೇಕಂದ್ರ ಹರಗೋಲೇ ಗತಿ.

ನಾನು ತ್ಯಾಪಿ ಹಾಕೋದರ ವಿರೋಧಿ ಅಲ್ಲ, ಅದನ್ನ ಮೊದಲು ತಿಳಕೋರಿ. ನಮ್ಮ ಮನಿಯಾಗ ಹಳೀ ಸೀರಿ ಒಂದೂ ಹೊರಗ ಹೋಗಂಗಿಲ್ಲ, ಎಲ್ಲಾ ಕೌದಿ ಆಗ್ತಾವ. ಕೌದಿ ಹರದ್ರ ಅದರ ಮ್ಯಾಲ ಇನ್ನೊಂದು ತುಂಡು ಕೂಡ್ತದ. ಮಿಕ್ಸಿ ಕೆಟ್ರ ಸೊಸಿ ಹೊಸದು ಅಂತಾಳ, ನಾನು ರಾಯಚೂರಿಗೆ ಒಯ್ದು ರಿಪೇರಿ ಮಾಡಿಸಿ ತರ್ತೀನಿ. ಹರದ ಕೌದಿ ಹೊಚಗೊಂಡ್ರ ಬಾಳಂದ್ರ ಚಳಿ ಹತ್ತತದ. ಹರಕ ಹರಗೋಲಿನಾಗ ಕುಂತ್ರ ಏನಾಗ್ತದಂತ ಹೇಳಬೇಕೇನು?

ತ್ಯಾಪಿ ಎಲ್ಲಿ ಹಾಕಬೇಕು ಅನ್ನೋದಕ್ಕೊಂದು ಲೆಕ್ಕ ಅದ. ನಮ್ಮಪ್ಪ ಅದನ್ನ ಒಂದೇ ಮಾತಿನಾಗ ಹೇಳ್ತಿದ್ದ: ತೊಗಲು ಹರದ್ರ ಹೊಲಿ, ಎಲುಬು ಮುರದ್ರ ಬಿಡು. ಮ್ಯಾಲಿನ ತಾಡಪತ್ರಿ ಕಲ್ಲಿಗೆ ತಾಗಿ ಹರದದೇನು? ಒಣಗಿಸಿ, ತುಂಡು ಹಚ್ಚಿ, ಡಾಂಬರು ಕಾಸಿ ಬಳೀರಿ, ಚಿಂತಿಲ್ಲ. ಒಳಗಿನ ಬಿದಿರು ಹೋಗಿದ್ರ ಮಾತ್ರ ಮ್ಯಾಲ ಎಷ್ಟು ಡಾಂಬರು ಬಳದ್ರೂ ಅದು ಸುಣ್ಣ ಹಚ್ಚಿದ ಬಿರುಕು ಗ್ವಾಡಿ ಇದ್ದಂಗ. ನೋಡಾಕ ಚಲೋ ಕಾಣ್ತದ, ಅಷ್ಟೇ.

ಬಿದಿರು ಹೋಗ್ಯದೋ ಇಲ್ಲೋ ನೋಡಾಕ ಗಂಡಸರೇ ಬೇಕಂತಿಲ್ಲ. ಬಿಸಲಾಗ ಡಬ್ಬ ಹಾಕಿ ಒಳಗ ತಲಿ ಹಾಕ್ರಿ, ಎಲ್ಲಿ ಬೆಳಕು ಬರ್ತದೋ ಅಲ್ಲಿ ನೀರೂ ಬರ್ತದ. ಹೆಣದ ಕಡ್ಡಿ ಅಂಗೈಲೆ ಒತ್ರಿ. ತಿರಗ ಪುಟದು ಬಂದ್ರ ಜೀವ ಅದ. ಲಟಕ್ ಅಂದ್ರ, ಇಲ್ಲಾ ಹಿಟ್ಟಿನಂಥಾ ಪುಡಿ ಉದರಿದ್ರ, ಹುಳ ತಿಂದದ. ಮ್ಯಾಲಿನ ಅಂಚು ಸುತ್ತಲೂ ಸಮ ಇರಬೇಕು, ಒಂದು ಮಗ್ಗಲಿಗೆ ಕುಸದಿದ್ರ ಭಾರ ಬಿದ್ದಾಗ ಅದೇ ಮಗ್ಗಲಿಗೆ ನೀರು ಒಳಗ ಬರ್ತದ. ಎತ್ತಿ ನೋಡ್ರಿ. ತ್ಯಾಪಿ ಮ್ಯಾಲ ತ್ಯಾಪಿ, ಡಾಂಬರಿನ ಮ್ಯಾಲ ಡಾಂಬರು ಕುಂತು ಮಣಭಾರ ಆಗಿದ್ರ, ಮಂದಿ ಕೂಡೋಕಿಂತ ಮೊದಲೇ ಅದು ನೀರಾಗ ಕೆಳಗ ಕೂಡ್ತದ. ನಮ್ಮ ತವರಿನದು ಈ ನಾಲ್ಕರಾಗ ಮೂರಕ್ಕ ಫೇಲಾಗ್ಯದ.

ಫೈಬರ್ ಹರಗೋಲು ಇದ್ದವರು "ನಮ್ಮದು ಗಟ್ಟಿ" ಅಂತ ಸುಮ್ಮನ ಕೂಡಬ್ಯಾಡ್ರಿ. ನಮ್ಮಕ್ಕನ ಮಗ ಮಂಗಳೂರಾಗ ಇರ್ತಾನ. ಅಲ್ಲಿ ಮೂಲ್ಕಿ, ಸಸಿಹಿತ್ಲು ಕಡಿ ಹುಡುಗರು ಉದ್ದನ ಹಲಗಿ ಮ್ಯಾಲ ನಿಂತು ಸಮುದ್ರದ ತೆರಿ ಮ್ಯಾಲ ಜಾರಿಕೋಂತ ಬರ್ತಾರಂತ, ಅದಕ್ಕ ಸರ್ಫಿಂಗ್ ಅಂತಾರ. ಆ ಹಲಗಿ ಒಳಗ ಥರ್ಮೋಕೋಲಿನಂಥಾ ಹಗುರ ಫೋಮ್, ಹೊರಗ ಫೈಬರ್ ಬಟ್ಟಿ ಮತ್ತ ಅಂಟು. ಭಾಳ ಹಲಗಿಗೆ ನಡುವ ಬೆನ್ನೆಲುಬಿನಂಗ ಕಟ್ಟಿಗಿ ಪಟ್ಟಿ ಇರ್ತದ. ಮ್ಯಾಲ ಸಣ್ಣ ಬಿರುಕು ಬಿಟ್ರ ನೀರಿಂದ ಹೊರಗ ತಗದು, ಪೂರಾ ಒಣಗಿಸಿ, ತಿಕ್ಕಿ, ಫೈಬರ್ ಬಟ್ಟಿ ಅಂಟಿಸ್ತಾರ. ಒಣಗಿಸದ ಮುಚ್ಚಿದ್ರ ನೀರು ಒಳಗ ಉಳದು ಹಲಗಿ ಭಾರ ಆಗಿ ಕೊಳೀತದ. ನಡು ಮುರದು, ಒಳಗೆಲ್ಲಾ ನೀರು ಕುಡದಿದ್ರ ರಿಪೇರಿ ಖರ್ಚು ದಂಡ ಅಂತ ಹೊಸದು ತಗೋತಾರಂತ. ನೋಡ್ರಿ, ನಮ್ಮಪ್ಪನ ಮಾತೇ ಸಮುದ್ರದ ದಂಡ್ಯಾಗೂ ನಡೀತದ. ಆಟ ಆಡೋ ಹುಡುಗರೇ ಹಲಗಿ ಬಗ್ಗೆ ಇಷ್ಟು ವಿಚಾರ ಮಾಡ್ತಾರಂದ್ರ, ಹೊಟ್ಟಿಗಾಗಿ ಹೊಳಿ ದಾಟೋ ನಾವು ಎಷ್ಟು ಮಾಡಬೇಕು?

ಈಗ ಅಣ್ಣನ ವಾದಕ್ಕ ಬರ್ತೀನಿ, ಇದು ಎಲ್ಲಾರ ಮನಿ ಗಂಡಸರ ವಾದನೂ ಹೌದು.

ಒಂದು, ರೊಕ್ಕ ಇಲ್ಲ. ಯಣ್ಣಾ, ಜಾತ್ರಿಗೆ ರೊಕ್ಕ ಹೊಂಟದ, ಹುಡುಗನ ಹೊಸ ಮೊಬೈಲಿಗೆ ಹೊಂಟದ, ಹರಗೋಲಿಗೆ ಮಾತ್ರ ಯಾಕ ಹೊಂಡಂಗಿಲ್ಲ? ಮೂರು ವರ್ಷದ ತಾಡಪತ್ರಿ, ಡಾಂಬರು, ಕೂಲಿ ಲೆಕ್ಕ ಹಾಕು, ಅರ್ಧಾ ಹರಗೋಲಿನ ರೊಕ್ಕ ಆಗಲೇ ನೀರಿಗೆ ಬಿದ್ದದ. ಅಕ್ಕಂದಿರೇ, ನಮ್ಮ ಸ್ತ್ರೀಶಕ್ತಿ ಸಂಘದಾಗ ಮದವಿಗೆ ಸಾಲ ಕೇಳ್ತೀವಿ, ಸೀಮಂತಕ್ಕ ಕೇಳ್ತೀವಿ. ಹರಗೋಲಿಗೆ ಯಾರಾದ್ರೂ ಕೇಳಿದ್ದೀರೇನು? ಕೇಳ್ರಿ.

ಎರಡು, ಅಪ್ಪ ಮಾಡಿಸಿದ್ದು. ಅಪ್ಪ ಮಾಡಿಸಿದ್ದು ಮಕ್ಕಳು ದಾಟಲಿ ಅಂತ, ಪೂಜಿ ಮಾಡ್ಲಿ ಅಂತಲ್ಲ. ನೆನಪಿಗೆ ಬೇಕಂದ್ರ ಅದರ ಹುಟ್ಟು ಗ್ವಾಡಿಗೆ ತೂಗು ಹಾಕು.

ಮೂರು, ನಾಳೆ ಸೇತುವಿ ಆಗ್ತದ. ಆದ ದಿನ ನಾನೇ ಹೋಳಿಗಿ ಮಾಡಿ ಹಂಚ್ತೀನಿ. ಅಲ್ಲಿತನ ಹೊಳಿ ದಾಟೋದು ಹರಗೋಲಿನಾಗೇ.

ನಾಲ್ಕು, ನಮಗ ಈಜು ಬರ್ತದ. ಹೌದ್ರೀ, ನಿಮಗ ಬರ್ತದ. ಆರು ವಾರಿ ಸೀರಿ ಉಟ್ಟು, ಉಡಿಯಾಗ ರೊಟ್ಟಿ ಬುತ್ತಿ, ಬಗಲಾಗ ಕೂಸು ಇಟಗೊಂಡು ಕುಂತಾಕಿಗೆ ಬರ್ತದೇನು? ತ್ಯಾಪಿ ಸಾಕು ಅಂತ ಹೇಳೋವರು ಈಜು ಬರೋರು. ನಡುವ ಕೂಡೋರು ಈಜು ಬರದೋರು. ಹಂಗಾದ ಮ್ಯಾಲ ಹೊಸದು ಬೇಕೋ ಹಳೇದು ಸಾಕೋ ಅಂತ ಯಾರು ಹೇಳಬೇಕು?

ನಾನು ಸುಮ್ಮನ ಹೆದರಸಾಕತ್ತಿಲ್ಲ. 2020ರ ಆಗಸ್ಟ್ ತಿಂಗಳಾಗ, ಕೃಷ್ಣಾ ತುಂಬಿದಾಗ, ನಮ್ಮ ರಾಯಚೂರು ಕಡಿ ನಡುಗಡ್ಡಿ ಮಂದಿ ಕುಂತಿದ್ದ ಹರಗೋಲು ಪಂಚದೇವಪಹಾಡದ ಹತ್ತಿರ ಮುಗುಚಿತು. 13 ಮಂದಿ ಇದ್ರು, ನಾಲ್ಕು ಮಂದಿ ನೀರು ಪಾಲಾದ್ರು. ಸಂತಿ ಸಾಮಾನು ತರೋದು, ಹೊಲಕ್ಕ ಹೋಗೋದು, ಇಂಥಾ ದಿನದ ಕೆಲಸದಾಗೇ ಇಂಥಾವು ಆಗ್ತಾವ. ತುಂಬಿದ ಹೊಳಿಗೆ ಹೊಸ ಹರಗೋಲೂ ಸಾಲಂಗಿಲ್ಲ, ಅವತ್ತು ಇಳೀಲೇಬಾರದು. ಮ್ಯಾಲ ನಾರಾಯಣಪುರ ಡ್ಯಾಮಿನ ಗೇಟು ತಗದ್ರ ಇಲ್ಲಿ ನೀರು ಹೆಂಗ ಏರ್ತದಂತ ದಂಡಿ ಮಂದಿಗೆ ಗೊತ್ತು. ಅಂಥಾ ಹೊಳಿ ಮುಂದ ಹುಳ ತಿಂದ ಬಿದಿರು ಒಯ್ದು ಇಡೋದು ಉಳಿತಾಯ ಅಲ್ಲ, ಹುಚ್ಚತನ.

ಅದಕ್ಕ ದಂಡಿ ಊರಿನ ಅಕ್ಕ ತಂಗ್ಯಾರಿಗೆ ನನ್ನ ಮಾತು ಇಷ್ಟೇ. ಮುಂಗಾರಿಗೆ ಮೊದಲು ನಿಮ್ಮ ಮನಿ ಹರಗೋಲು ಡಬ್ಬ ಹಾಕಿಸ್ರಿ. ನೀವೇ ಒತ್ತಿ ನೋಡ್ರಿ. ತೊಗಲು ಹರದಿದ್ರ ಕುಂತು ಹೊಲೀರಿ, ರೊಕ್ಕ ಉಳಸ್ರಿ. ಎಲುಬು ಹೋಗಿದ್ರ ಹತ್ತಂಗಿಲ್ಲ ಅಂತ ದಂಡ್ಯಾಗ ನಿಂದರ್ರಿ. ಒಬ್ಬಾಕಿ ನಿಂತ್ರ ಬೈತಾರ, ಓಣಿ ಹೆಂಗಸರೆಲ್ಲಾ ನಿಂತ್ರ ಹೊಲದ ಕೆಲಸ ನಿಲ್ತದ. ಕೆಲಸ ನಿಂತ ಮರುದಿನ ರೊಕ್ಕ ತಾನೇ ಹುಟ್ತದ.

ನಮ್ಮ ಅತ್ತಿಗಿ ಸೋಮವಾರದಿಂದ ಹತ್ತಿಲ್ಲ. ಅಣ್ಣನ ಫೋನು ನಿನ್ನೆ ಎರಡು ಸಲ ಬಂತು. ಬೈಯಾಕಲ್ಲ, ಹೊಸ ಹರಗೋಲಿನ ರೇಟು ಹೇಳಾಕ.