ಅರವತ್ತನಾಲ್ಕಕ್ಕೆ ಎಂಬಿಬಿಎಸ್ ಸೀಟು, ಮೂವತ್ತಾರಕ್ಕೆ ನರ್ಸಿಂಗ್ ಬಾಗಿಲು ಬಂದ್

ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ ನೀಟ್ ಪಾಸು ಮಾಡಿ 2020ರಲ್ಲಿ ಎಂಬಿಬಿಎಸ್ ಸೇರಿದ ಸುದ್ದಿ ಹಲವರಿಗೆ ನೆನಪಿರಬಹುದು. ದೇಶವೇ ಅವರನ್ನು ಮೆಚ್ಚಿಕೊಂಡಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನೀಟ್‌ಗಿದ್ದ ಗರಿಷ್ಠ ವಯೋಮಿತಿಯನ್ನೇ ಕಿತ್ತುಹಾಕಿತು. ಒಳ್ಳೆಯ ಕೆಲಸ. ಈಗ ಅದೇ ಆಸ್ಪತ್ರೆಯ ಪಕ್ಕದ ಬಾಗಿಲಿಗೆ ಬನ್ನಿ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮದಂತೆ ಸಹಾಯಕ ನರ್ಸ್-ಸೂಲಗಿತ್ತಿ ಕೋರ್ಸ್ ಆದ ಎಎನ್ಎಂ, ನರ್ಸಿಂಗ್ ಡಿಪ್ಲೊಮಾ ಆದ ಜಿಎನ್ಎಂ, ಬಿಎಸ್‌ಸಿ ನರ್ಸಿಂಗ್ ಮೂರಕ್ಕೂ ಸೇರುವ ಗರಿಷ್ಠ ವಯಸ್ಸು 35. ಮೂವತ್ತಾರು ತುಂಬಿದ ಹೆಂಗಸು ಓದಿ ಸರ್ಜನ್ ಆಗಬಹುದು. ಆ ಸರ್ಜನ್ ಕೈಗೆ ಕತ್ತರಿ ಎತ್ತಿಕೊಡುವ ನರ್ಸ್ ಆಗುವಂತಿಲ್ಲ.

ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ನರ್ಸಿಂಗ್ ಮೈಮುರಿಯುವ ಕೆಲಸ, ನೈಟ್ ಡ್ಯೂಟಿ ಇರುತ್ತದೆ, ವಯಸ್ಸಾದವರಿಗೆ ಆಗದು. ಈ ಮಾತನ್ನು ಅದೇ ನಿಯಮಾವಳಿ ಸುಳ್ಳು ಮಾಡುತ್ತದೆ. ಎಎನ್ಎಂ ಮುಗಿಸಿದವರು ಮುಂದೆ ಜಿಎನ್ಎಂ ಸೇರುವುದಾದರೆ ವಯಸ್ಸಿನ ತಡೆಯೇ ಇಲ್ಲ. ಅಂದರೆ ನಲವತ್ತೈದರ ಎಎನ್ಎಂ ಕ್ಲಾಸಿನಲ್ಲಿ ಕೂರಬಹುದು, ವಾರ್ಡಿನಲ್ಲಿ ನಿಲ್ಲಬಹುದು, ರಾತ್ರಿಪಾಳಿಯನ್ನೂ ಮಾಡಬಹುದು. ಅಷ್ಟೇ ವಯಸ್ಸಿನ ಟೀಚರಮ್ಮನಿಗೋ ಕೆಲಸ ಕಳೆದುಕೊಂಡ ಕಾಲ್ ಸೆಂಟರ್ ಉದ್ಯೋಗಿಗೋ ಆಗದಂತೆ! ಸೊಂಟದ ಬಲ ಹಿಂದಿನ ಸರ್ಟಿಫಿಕೇಟ್ ನೋಡಿಕೊಂಡು ಬರುತ್ತದೆಯೇ?

ನನ್ನ ತಕರಾರು ಅವಕಾಶ ತಪ್ಪಿದವರ ಬಗೆಗಿನ ಕನಿಕರದಿಂದ ಹುಟ್ಟಿದ್ದಲ್ಲ. ಈ ನಿಯಮ ನಡುವಯಸ್ಸಿನ ಹೆಂಗಸರನ್ನು ಶುಶ್ರೂಷೆಯಿಂದ ದೂರ ಇಟ್ಟೇ ಇಲ್ಲ. ಅವರನ್ನು ದೂರ ಇಟ್ಟಿರುವುದು ತರಬೇತಿಯಿಂದ, ನೋಂದಣಿಯಿಂದ, ಸಂಬಳದಿಂದ.

ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ಒಬ್ಬರು ‘ಹೋಮ್ ನರ್ಸ್’ ಇರುತ್ತಾರೆ. ನಮ್ಮ ಸಂಬಂಧಿಕರ ಮನೆಯಲ್ಲಿದ್ದವರು ಮೊದಲು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್, ಆಮೇಲೆ ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ. ಮೂಗಿನ ಕೊಳವೆಯಲ್ಲಿ ಅಜ್ಜಿಗೆ ಗಂಜಿ ಹಾಕುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೊದಲು ತಲೆದಿಂಬು ಏರಿಸಿ ಅಜ್ಜಿಯನ್ನು ಒರಗಿಸಿ ಕೂರಿಸುತ್ತಿದ್ದರು. ಸಿರಿಂಜ್ ಸಿಕ್ಕಿಸಿ ಹಿಂದಕ್ಕೆ ಎಳೆದು, ಹೊಟ್ಟೆಯಲ್ಲಿ ಹಿಂದಿನ ಸಲದ್ದು ಉಳಿದಿದೆಯೇ ಎಂದು ನೋಡುತ್ತಿದ್ದರು. ಸೋಸಿದ ಗಂಜಿಯನ್ನು ನಿಧಾನವಾಗಿ ಇಳಿಸಿ, ಕೊನೆಗೆ ನೀರು ಬಿಟ್ಟು ಕೊಳವೆ ತೊಳೆದು, ಅರ್ಧ ಗಂಟೆ ಮಲಗಿಸದೆ ಕಾಯುತ್ತಿದ್ದರು. ಯಾರು ಕಲಿಸಿದರು ಎಂದಾಗ, ‘ಸಿಸ್ಟರ್‌ಗಳು ಮಾಡೋದ ನೋಡ್ತಾ ನೋಡ್ತಾ ಕಲ್ತೆ ಸಾರ್’ ಎಂದರು. ಪಿಯುಸಿ ಆರ್ಟ್ಸ್ ಪಾಸು, ವಯಸ್ಸು ನಲವತ್ತೊಂದು. ಈಗ ನರ್ಸಿಂಗ್ ಓದಬಹುದಾ ಎಂದು ಅವರು ಕೇಳಿದಾಗ ನಿಯಮ ಹೇಳಿದೆ. ‘ಮಾಡಕ್ಕೆ ಬಿಡ್ತಾರೆ, ಓದಕ್ಕೆ ಬಿಡಲ್ವಾ?’ ಎಂದು ನಕ್ಕರು.

ಹಾಗೆಂದು ನೋಡಿ ಕಲಿತದ್ದೇ ಸಾಕು ಎನ್ನುತ್ತಿಲ್ಲ. ಆ ಕೊಳವೆ ಜಾರಿ ಶ್ವಾಸನಾಳದ ಕಡೆ ಹೋದರೆ ಯಾವ ಲಕ್ಷಣ ಕಾಣುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೌನ್ಸಿಲ್ ಇರುವುದೇ ರೋಗಿಯ ರಕ್ಷಣೆಗೆ ಅಲ್ಲವೇ? ಕಲಿಯಲು ಸಿದ್ಧ ಇರುವವರನ್ನು ಗೇಟಿನಲ್ಲೇ ತಡೆದು, ಕಲಿಯದವರನ್ನು ಏಜೆನ್ಸಿಗಳ ಮೂಲಕ ರೋಗಿಯ ಮಂಚದ ತನಕ ಬಿಟ್ಟಿರುವುದು ಯಾವ ಸೀಮೆಯ ರಕ್ಷಣೆ?

ಆಶಾ ಕಾರ್ಯಕರ್ತೆಯರ ವಿಷಯದಲ್ಲಂತೂ ಇದು ನಾಚಿಕೆಗೇಡು. 2005ರಲ್ಲಿ ಶುರುವಾದ ಯೋಜನೆಯ ಮಾರ್ಗಸೂಚಿಯೇ 25ರಿಂದ 45 ವರ್ಷದೊಳಗಿನ, ಮದುವೆಯಾದ ಅಥವಾ ವಿಧವೆಯಾದ, ವಿಚ್ಛೇದನ ಪಡೆದ ಹೆಂಗಸರನ್ನು ಆರಿಸಿ ಎನ್ನುತ್ತದೆ. ಬಸುರಿ, ಬಾಣಂತಿ, ಕೂಸು, ಕ್ಷಯ, ಲಸಿಕೆ ಎಲ್ಲದಕ್ಕೂ ಅವರೇ ಬೇಕು. ಮೂವತ್ತಕ್ಕೆ ಆಶಾ ಆದವರು ಹತ್ತು ವರ್ಷ ಹಳ್ಳಿ ಸುತ್ತಿ ಕೆಲಸ ಕಲಿಯುವಷ್ಟರಲ್ಲಿ ನರ್ಸಿಂಗ್ ಶಾಲೆಯ ವಯಸ್ಸು ದಾಟಿರುತ್ತದೆ. 2025ರ ಜನವರಿಯ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಧರಣಿ ಕೂತಿದ್ದರು. ಸಿಕ್ಕಿದ್ದು ತಿಂಗಳಿಗೆ ಕನಿಷ್ಠ ಹತ್ತು ಸಾವಿರ ರೂಪಾಯಿಯ ಭರವಸೆ. ಗೌರವಧನ ಎಷ್ಟು ಎಂಬ ಚರ್ಚೆ ಬೇಕಾದಷ್ಟು ನಡೆಯಿತು. ಇವರು ಮುಂದಕ್ಕೆ ಏನಾಗಬಹುದು ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಇನ್ನು ಮೂವತ್ತೈದರ ಒಳಗಿದ್ದು ವೃತ್ತಿ ಬದಲಿಸಲು ಹೊರಟವರ ಪಾಡು ನೋಡಿ. ಬಿ.ಕಾಂ. ಮುಗಿಸಿದ ಮೂವತ್ತೆರಡರ ಹೆಣ್ಣುಮಗಳಿಗೆ ಬಿಎಸ್‌ಸಿ ನರ್ಸಿಂಗ್ ಸಿಗದು, ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಲೇಬೇಕು. ಉಳಿಯುವುದು ಯಾವ ವಿಭಾಗದ ಪಿಯುಸಿ ಆದರೂ ನಡೆಯುವ ಜಿಎನ್ಎಂ, ಮೂರು ವರ್ಷ. ಪದವಿ ಬೇಕೆಂದರೆ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ. ನನ್ನನ್ನು ಕೇಳಿದರೆ ಇಂಥವರಿಗೆ ಜಿಎನ್ಎಂ ದಾರಿಯೇ ಲೇಸು. ಮೂರನೇ ವರ್ಷದ ಕೊನೆಗೆ ಕೈಗೊಂದು ನೋಂದಣಿ ಬರುತ್ತದೆ, ದುಡಿಯುತ್ತ ಮುಂದಿನದು ಯೋಚಿಸಬಹುದು. ಆದರೆ ಮೈಕ್ರೋಬಯಾಲಜಿಯಲ್ಲಿ ಬಿಎಸ್‌ಸಿ ಮಾಡಿದವರೂ ಹದಿನೆಂಟರ ಮಕ್ಕಳ ಜೊತೆ ಮತ್ತೆ ನಾಲ್ಕು ವರ್ಷ ಮೊದಲಿಂದ ಕೂರಬೇಕಲ್ಲ, ಅದಕ್ಕೇನು ಹೇಳುವುದು? ಅಮೆರಿಕದಲ್ಲಿ ಬೇರೆ ಪದವಿ ಇದ್ದವರು ಒಂದರಿಂದ ಒಂದೂವರೆ ವರ್ಷದಲ್ಲಿ ನರ್ಸಿಂಗ್ ಪದವಿ ಮುಗಿಸುವ ಕೋರ್ಸುಗಳಿವೆ. ಬ್ರಿಟನ್ನಿನಲ್ಲಿ ಎರಡು ವರ್ಷದ ಸ್ನಾತಕೋತ್ತರ ದಾರಿ ಇದೆ. ಐರ್ಲೆಂಡ್ 23 ದಾಟಿದವರಿಗೆಂದೇ ಸೀಟು ಮೀಸಲಿಡುತ್ತದೆ. ಮಂಗಳೂರಿನಲ್ಲಿ ಓದಿದ ನರ್ಸ್‌ಗಳು ಇದೇ ದೇಶಗಳ ವಾರ್ಡುಗಳಲ್ಲಿ ಇಂಥ ಸಹೋದ್ಯೋಗಿಗಳ ಜೊತೆ ದಿನವೂ ದುಡಿಯುತ್ತಿದ್ದಾರೆ.

ದಾರಿ ಮುಚ್ಚಿದ ಕಡೆ ದಲ್ಲಾಳಿ ಹುಟ್ಟುತ್ತಾನೆ. ‘ನೀವು ಕೆಲ್ಸ ಬಿಡೋದೇ ಬೇಡ ಮೇಡಂ, ಅಟೆಂಡೆನ್ಸ್ ನಾವು ನೋಡ್ಕೋತೀವಿ, ಎಕ್ಸಾಮಿಗೆ ಬಂದ್ರೆ ಸಾಕು’ ಎಂಬ ಫೋನ್ ಕರೆ ನನ್ನ ಪರಿಚಯದವರಿಗೇ ಬಂದಿತ್ತು. ವಾರ್ಡಿಗೆ ಕಾಲಿಡದೆ ಬಂದ ಸರ್ಟಿಫಿಕೇಟಿನ ಕೈಗೆ ನಿಮ್ಮ ತಾಯಿಯ ಡ್ರಿಪ್ ಒಪ್ಪಿಸುತ್ತೀರಾ? ವಯಸ್ಸಿನ ಮೇಲೆ ಇಷ್ಟು ಕಣ್ಣಿಡುವವರು ಹಾಜರಿ ಪುಸ್ತಕದ ಮೇಲೆ ಅದರ ಅರ್ಧದಷ್ಟಾದರೂ ಇಡಲಿ.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ: ನಲವತ್ತಕ್ಕೆ ಓದಿ ಬಂದವರಿಗೆ ಕೆಲಸ ಕೊಡುವವರು ಯಾರು? ನಿಜ. ಆಗಾಗ ಸಿಗುವ ಸಡಿಲಿಕೆ ಬಿಟ್ಟರೆ ರಾಜ್ಯದ ನೇಮಕಾತಿಯಲ್ಲಿ ಸಾಮಾನ್ಯ ವರ್ಗದ ಮಿತಿ 35, ಬಹುಪಾಲು ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆ ಬಹುತೇಕ ಕೈತಪ್ಪಿದಂತೆಯೇ. ಖಾಸಗಿಯಲ್ಲಿ? 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ತಜ್ಞರ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್‌ಗೆ ಕನಿಷ್ಠ 20 ಸಾವಿರ ಸಂಬಳ ಕೊಡಿ ಎಂದಿತ್ತು. ಅಷ್ಟನ್ನೂ ಕೊಡದ ನರ್ಸಿಂಗ್ ಹೋಮ್‌ಗಳು ನಿಮ್ಮೂರಲ್ಲೂ ಇರುತ್ತವೆ, ವಿಚಾರಿಸಿ ನೋಡಿ. ಆದರೆ ಇದು ಕೆಲಸ ಕೊಡುವ ನಿಯಮ ತಿದ್ದಬೇಕೆನ್ನಲು ಕಾರಣವಾಗುತ್ತದೆಯೇ ಹೊರತು ಓದಿನ ಬಾಗಿಲು ಮುಚ್ಚಲು ಅಲ್ಲ. ಲಾಭ-ನಷ್ಟದ ಲೆಕ್ಕವನ್ನು ನಲವತ್ತರ ಹೆಂಗಸು ತಾನೇ ಹಾಕಿಕೊಳ್ಳಬಲ್ಲಳು.

ಈಗ ಕಾಲವೂ ಕೂಡಿಬಂದಿದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಆಯೋಗದ ನಿಯಮ ಬರೆಯುವವರು 35 ಎಂಬ ಸಂಖ್ಯೆಯನ್ನು ಹಳೆಯ ಕಡತದಿಂದ ಹಾಗೆಯೇ ನಕಲು ಮಾಡಬಾರದು. ವೈದ್ಯರಾಗುವವರಿಗೆ ಬೇಡವಾದ ಮಿತಿ ಇಲ್ಲೂ ಬೇಡ. ವಿಜ್ಞಾನ ಪದವೀಧರರಿಗೆ ಎರಡು ವರ್ಷದ ಕೋರ್ಸ್ ಬರಲಿ. ವಾರ್ಡಿನ ಗಂಟೆಗಳಲ್ಲಿ ಒಂದನ್ನೂ ಕಡಿಮೆ ಮಾಡದೆ, ಅವರು ಈಗಾಗಲೇ ಓದಿರುವ ವಿಷಯಗಳನ್ನಷ್ಟೇ ಕೈಬಿಟ್ಟರೆ ಸಾಕು.

ರಾಜ್ಯ ಸರ್ಕಾರ ಆಯೋಗಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ. ಪಿಯುಸಿ ಆಗಿರುವ, ಇನ್ನೂ ವಯಸ್ಸು ಮೀರದ ಆಶಾಗಳಿಗೆ ಸರ್ಕಾರಿ ನರ್ಸಿಂಗ್ ಶಾಲೆಗಳಲ್ಲಿ ಈ ವರ್ಷವೇ ಸೀಟು ತೆಗೆದಿಡಲಿ. ಎಸ್ಸೆಸ್ಸೆಲ್ಸಿಗೆ ನಿಂತವರಿಗೆ ಖಾಸಗಿಯಾಗಿ ಪಿಯುಸಿ ಕಟ್ಟಿಸಲಿ. ಮನೆ ನಡೆಸುತ್ತಿರುವ ದುಡ್ಡು ಬಿಟ್ಟು ಮೂರು ವರ್ಷ ಹಾಸ್ಟೆಲ್‌ನಲ್ಲಿ ಇರಲು ಯಾವ ಆಶಾಗೂ ಆಗದು. ಓದುವಷ್ಟು ಕಾಲ ರಾಜ್ಯದ ಪಾಲಿನ ಗೌರವಧನ ನಿಲ್ಲಿಸುವುದಿಲ್ಲ ಎಂದು ಆದೇಶ ಹೊರಡಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ.