ಸಾಂಕ್ರಾಮಿಕ ಕಾಲದ ಸಾಮಾಜಿಕ ಭದ್ರತೆ: ಕೊಬ್ಬರಿ ನಾಡಿನ ಉದ್ಯಮಿಗಳಿಗೆ ದೊರೆತದ್ದೇನು?

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅಟ್ಟಗಳ ಮೇಲೆ ಕಾಯಿ ಎಂದಿನಂತೆ ಒಣಗುತ್ತಲೇ ಇತ್ತು. ಆದರೆ ಕಾಯಿ ಸುಲಿಯುವವರು ಊರು ಬಿಟ್ಟು ಬರುವಂತಿರಲಿಲ್ಲ. ಉತ್ತರ ಭಾರತದಲ್ಲಿ ಮದುವೆಗಳು ನಿಂತು ಉಂಡೆ ಕೊಬ್ಬರಿಯ ಬೇಡಿಕೆ ಕುಗ್ಗಿತ್ತು. ನಾರಿನ ಘಟಕಗಳ ಮತ್ತು ಕೊಬ್ಬರಿ ಪುಡಿ ಕಾರ್ಖಾನೆಗಳ ಬಾಗಿಲು ಮುಚ್ಚಿದ್ದವು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 10,300 ರೂಪಾಯಿ. ಅದು ಬೆಳೆಗಾರನಿಗೆ ಆಸರೆ. ಅದೇ ಕೊಬ್ಬರಿಯನ್ನು ನಂಬಿ ಮಂಡಿ ನಡೆಸುವ ವರ್ತಕನಿಗೂ, ಹದಿನೈದಿಪ್ಪತ್ತು ಜನರಿಗೆ ಕೂಲಿ ಕೊಡುವ ಸಣ್ಣ ಉದ್ಯಮಿಗೂ ಆಗ ದೊರೆತ ಆಸರೆ ಯಾವುದು ಎಂಬುದೇ ಈ ಲೇಖನದ ವಿಷಯ. ಮುಗಿದ ಕಥೆಯನ್ನು ಈಗೇಕೆ ಕೆದಕುವುದು ಎಂದು ಕೆಲವರಿಗೆ ಅನ್ನಿಸಬಹುದು. ಹೊಸ ಕಾನೂನು ಜಾರಿಗೆ ಬಂದಿರುವುದರಿಂದ ಹಳೆಯ ಲೆಕ್ಕವನ್ನು ಒಮ್ಮೆ ತಿರುವಿಹಾಕುವುದು ಅವಶ್ಯವಾಗಿದೆ.

2020ರ ಮಾರ್ಚ್ ಅಂತ್ಯದಲ್ಲಿ ಪ್ರಕಟವಾದ ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಯೋಜನೆಯಡಿ ಭವಿಷ್ಯ ನಿಧಿಯ ವಂತಿಗೆಯನ್ನು, ಅಂದರೆ ನೌಕರನ ಶೇಕಡಾ 12 ಮತ್ತು ಮಾಲೀಕನ ಶೇಕಡಾ 12, ಒಟ್ಟು ಶೇಕಡಾ 24ನ್ನು ಕೇಂದ್ರ ಸರ್ಕಾರವೇ ಭರಿಸಿತು. ಮೊದಲು ಮೂರು ತಿಂಗಳಿಗೆಂದು ಘೋಷಿಸಿ, ನಂತರ ಆಗಸ್ಟ್‌ವರೆಗೆ ವಿಸ್ತರಿಸಲಾಯಿತು. ಸಂಸ್ಥೆಯಲ್ಲಿ ನೂರಕ್ಕಿಂತ ಹೆಚ್ಚು ನೌಕರರಿರಬಾರದು, ಅವರಲ್ಲಿ ಶೇಕಡಾ 90ರಷ್ಟು ಮಂದಿ ತಿಂಗಳಿಗೆ 15,000 ರೂಪಾಯಿಗಿಂತ ಕಡಿಮೆ ವೇತನದವರಾಗಿರಬೇಕು ಎಂಬುದು ಷರತ್ತು. ನಮ್ಮ ಭಾಗದ ಘಟಕಗಳನ್ನೇ ಮುಂದಿಟ್ಟುಕೊಂಡು ಬರೆದಂತಿದ್ದ ಷರತ್ತು ಇದು. ತಲಾ 10,000 ರೂಪಾಯಿ ವೇತನದ ಇಪ್ಪತ್ತು ಜನರಿರುವ ಘಟಕವೊಂದಕ್ಕೆ ತಿಂಗಳಿಗೆ 48,000, ಆರು ತಿಂಗಳಿಗೆ 2,88,000 ರೂಪಾಯಿ. ಆಡಳಿತ ಶುಲ್ಕ ಮತ್ತು ಠೇವಣಿ ಜೋಡಿತ ವಿಮೆಯ ತಲಾ ಅರ್ಧ ಶೇಕಡಾ, ಅಂದರೆ ತಿಂಗಳಿಗೆ 2,000 ರೂಪಾಯಿ ಮಾತ್ರ ಮಾಲೀಕನ ಪಾಲಿಗೆ ಉಳಿಯುತ್ತಿತ್ತು.

ಈ ಪರಿಹಾರ ನಮ್ಮಲ್ಲಿ ಬಹುಮಂದಿಯ ಕೈಗೆ ಏಕೆ ಎಟುಕಲಿಲ್ಲ? ಕಾರಣ ನಮಗೆಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಭವಿಷ್ಯ ನಿಧಿ ಕಾನೂನು ಇಪ್ಪತ್ತು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ಆದ್ದರಿಂದ ನಮ್ಮ ಹಾಜರಿ ಪುಸ್ತಕಗಳಲ್ಲಿ ಹತ್ತೊಂಬತ್ತು ಹೆಸರುಗಳಿಗಿಂತ ಹೆಚ್ಚು ಇರುವುದಿಲ್ಲ. ಮಟ್ಟೆ ಹೊರುವವರು, ಕಾಯಿ ಲೆಕ್ಕದಲ್ಲಿ ಕೂಲಿ ಪಡೆಯುವವರು, ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರು, ಮೇಸ್ತ್ರಿಯ ಹಿಂದೆ ಬಂದವರು ಇವರೆಲ್ಲ ಕಾನೂನಿನ ದೃಷ್ಟಿಯಲ್ಲಿ ನೌಕರರೇ ಆದರೂ ಪುಸ್ತಕದಲ್ಲಿ ಇಲ್ಲ. ಮಾಲೀಕರನ್ನು ಮಾತ್ರ ದೂರುವುದು ಅನ್ಯಾಯವಾದೀತು. 'ಹತ್ತೊಂಬತ್ತಕ್ಕೆ ನಿಲ್ಲಿಸಿ ಸ್ವಾಮಿ, ಮುಂದೆ ತಲೆನೋವು' ಎಂದು ಸಲಹೆ ಕೊಟ್ಟ ಲೆಕ್ಕಪರಿಶೋಧಕರಲ್ಲಿ ನಾನೂ ಒಬ್ಬ.

ಆ ಸಲಹೆಯ ಬೆಲೆ ನನಗೆ ತಿಳಿದದ್ದು 2021ರ ಮೇ ತಿಂಗಳಿನಲ್ಲಿ, ಎರಡನೆಯ ಅಲೆಯ ಸಂದರ್ಭದಲ್ಲಿ. ನನ್ನ ಕಕ್ಷಿದಾರರೊಬ್ಬರ ನಾರಿನ ಘಟಕದಲ್ಲಿ ಎಂಟು ವರ್ಷ ದುಡಿದಿದ್ದ ಕಾರ್ಮಿಕರೊಬ್ಬರು ಕೋವಿಡ್‌ಗೆ ಬಲಿಯಾದರು. ಅವರ ವೇತನ ತಿಂಗಳಿಗೆ 9,000 ರೂಪಾಯಿ. ಅದಕ್ಕೆ ಹಿಂದಿನ ತಿಂಗಳು, ಏಪ್ರಿಲ್ 28ರಂದು, ಠೇವಣಿ ಜೋಡಿತ ವಿಮೆಯ ಮೊತ್ತವನ್ನು ಕೇಂದ್ರ ಸರ್ಕಾರ ಏರಿಸಿತ್ತು: ಗರಿಷ್ಠ 7 ಲಕ್ಷ, ಒಂದು ವರ್ಷದ ನಿರಂತರ ಸೇವೆ ಇದ್ದವರಿಗೆ ಕನಿಷ್ಠ 2.5 ಲಕ್ಷ. ಸರಾಸರಿ ವೇತನದ ಮೂವತ್ತೈದು ಪಟ್ಟು ಎಂಬ ಸೂತ್ರದ ಪ್ರಕಾರವೇ ಅವರ ಕುಟುಂಬಕ್ಕೆ 3,15,000 ರೂಪಾಯಿ ಸಲ್ಲಬೇಕಿತ್ತು. ಅದರ ಮೇಲೆ ವಿಧವಾ ಪಿಂಚಣಿ, ಮಕ್ಕಳ ಪಿಂಚಣಿ. ಮಾಲೀಕರು ಒಳ್ಳೆಯವರು, ಕೈಯಿಂದ 40,000 ರೂಪಾಯಿ ಕೊಟ್ಟರು, ಆ ದಿನಗಳಲ್ಲಿ ಅವರಿಗೆ ಅದೇ ಹೆಚ್ಚು. ಆಕೆ ತಮ್ಮ ಹಿರಿಯ ಮಗನೊಡನೆ ನನ್ನ ಕಚೇರಿಗೆ ಬಂದು, 'ಯಾವುದೋ ಪಿ.ಎಫ್. ದುಡ್ಡು ಬರುತ್ತಂತಲ್ಲ ಸಾರ್' ಎಂದು ಕೇಳಿದರು. ಹಾಜರಿ ಪುಸ್ತಕದಲ್ಲಿ ಅವರ ಯಜಮಾನರ ಹೆಸರಿಲ್ಲವೆಂದು ನಾನೇ ಹೇಳಬೇಕಾಯಿತು. ಏಕಿಲ್ಲ ಎಂದು ಆಕೆ ಕೇಳಲಿಲ್ಲ. ಆ ಹೆಸರಿಗೆ ಮಾಲೀಕರ ಪಾಲಿನಿಂದ ತಿಂಗಳಿಗೆ ತಗಲುತ್ತಿದ್ದ ವೆಚ್ಚ 1,170 ರೂಪಾಯಿ.

ಇಷ್ಟು ಹೇಳಿದ ಮೇಲೆ ಸರ್ಕಾರದ ಕಡೆಯ ಲೆಕ್ಕವನ್ನೂ ನೋಡಬೇಕು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು ಮುಚ್ಚಿದ ಅವಧಿಗೂ ಪೂರ್ಣ ವೇತನ ಕೊಡಬೇಕೆಂದು ಆದೇಶಿಸಿತು. ಆ ವೇತನಕ್ಕೆ ಹಣ ಎಲ್ಲಿಂದ ಎಂಬುದನ್ನು ಆದೇಶ ಹೇಳಲಿಲ್ಲ. ಮೇ 18ರಿಂದ ಅದು ರದ್ದಾಯಿತು. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು ಮಾಲೀಕರು ಮತ್ತು ಕಾರ್ಮಿಕರು ಮಾತುಕತೆಯಿಂದ ಬಗೆಹರಿಸಿಕೊಳ್ಳಲಿ ಎಂದಿತು. ಶೇಕಡಾ 24ರ ನೆರವಿಗೆ ಒಳಪಡದ ಸಂಸ್ಥೆಗಳಿಗೆ ಮೇ, ಜೂನ್, ಜುಲೈ ತಿಂಗಳ ವಂತಿಗೆಯನ್ನು ಶೇಕಡಾ 12ರಿಂದ 10ಕ್ಕೆ ಇಳಿಸಲಾಯಿತು. ನೌಕರನ ನಿವೃತ್ತಿ ಉಳಿತಾಯವನ್ನೇ ಕಡಿಮೆ ಮಾಡಿ ಅದಕ್ಕೆ ಪರಿಹಾರವೆಂದು ಹೆಸರಿಡುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಮೂರು ತಿಂಗಳ ವೇತನದಷ್ಟು ಮುಂಗಡ ತೆಗೆಯಲು ಕೊಟ್ಟ ಅವಕಾಶವೂ ಅಷ್ಟೇ, ಅವನ ಹಣ ಅವನಿಗೇ.

ಸ್ವಯಂ ಉದ್ಯೋಗಿಗಳ ಸ್ಥಿತಿ ಇನ್ನೂ ತೆಳುವಾಗಿತ್ತು. ಮಂಡಿ ವರ್ತಕ, ಕಿರಾಣಿ ಅಂಗಡಿಯವರು, ಲಾರಿ ಇಟ್ಟವರು ಇವರಿಗೆ ದೊರೆತದ್ದೆಲ್ಲ ಸಾಲ, ಅಥವಾ ಸಾಲದ ಕಂತಿಗೆ ವಿರಾಮ. ರಿಸರ್ವ್ ಬ್ಯಾಂಕ್ 2020ರ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅನುಮತಿಸಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ತುರ್ತು ಸಾಲ ಖಾತರಿ ಯೋಜನೆಯಡಿ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇಕಡಾ 20ರಷ್ಟು ಹೊಸ ಸಾಲ ದೊರೆಯಿತು. ಅಂದರೆ ಮೊದಲೇ ಸಾಲ ಮಾಡಿದ್ದವನಿಗೆ ಉಪಯೋಗ. ಸಾಲವಿಲ್ಲದೆ ಜಾಗರೂಕನಾಗಿ ವ್ಯಾಪಾರ ಮಾಡಿದವನಿಗೆ ಶೇಕಡಾ 20ರ ಲೆಕ್ಕದಲ್ಲಿ ಸೊನ್ನೆ! ರಾಜ್ಯ ಸರ್ಕಾರವು 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿ, ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಕೊಡುವುದಾಗಿ ಹೇಳಿತು. 2021ರ ಪಟ್ಟಿಯಲ್ಲಿ ಹಮಾಲರಿಗೂ 2,000 ರೂಪಾಯಿ ಸೇರಿತು. ಕಾಯಿ ಸುಲಿಯುವವರು ಎಂಬ ವರ್ಗ ಎರಡರಲ್ಲೂ ಇರಲಿಲ್ಲ. ಸಣ್ಣ ಉದ್ಯಮಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ ಮಾಡಿದ್ದನ್ನು ಮಾತ್ರ ಕೃತಜ್ಞತೆಯಿಂದ ನೆನೆಯಬೇಕು. ಯಂತ್ರ ನಿಂತಿದ್ದರೂ ಓಡುವ ಬಿಲ್ಲು ಅದು.

ವರ್ತಕರಿಗೆಂದೇ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಂಚಣಿ ಯೋಜನೆಯೊಂದು ಇದೆಯಲ್ಲ ಎನ್ನಬಹುದು. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ಮೀರಬಾರದು, ಸೇರುವಾಗ ವಯಸ್ಸು ನಲವತ್ತರೊಳಗಿರಬೇಕು, ಆದಾಯ ತೆರಿಗೆ ಕಟ್ಟುವವನಾಗಿರಬಾರದು. ಅರವತ್ತು ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ನಮ್ಮ ಮಾರುಕಟ್ಟೆ ಪ್ರಾಂಗಣದಲ್ಲಿ ಈ ಮೂರೂ ಷರತ್ತು ಪೂರೈಸುವ ಮಂಡಿ ಮಾಲೀಕರನ್ನು ಹುಡುಕಲು ಲಾಟೀನು ಹಿಡಿದು ಹೊರಡಬೇಕು. ಅಲ್ಲದೆ ಅದು ಮುಪ್ಪಿನ ಯೋಜನೆ, ಅಂಗಡಿ ಮುಚ್ಚಿದ ತಿಂಗಳಿಗೆ ಅದರಿಂದ ಬಿಡಿಗಾಸೂ ಬಾರದು. ಬ್ರಿಟನ್ನಿನಲ್ಲಿ 2020ರಲ್ಲಿ ಸ್ವಯಂ ಉದ್ಯೋಗಿಗಳಿಗೆ ಹಿಂದಿನ ವರ್ಷಗಳ ಸರಾಸರಿ ಲಾಭದ ಶೇಕಡಾ 80ನ್ನು ಮೂರು ತಿಂಗಳಿಗೆ ಲೆಕ್ಕ ಹಾಕಿ, 7,500 ಪೌಂಡ್‌ಗಳ ಮಿತಿಗೊಳಪಟ್ಟು, ಮೊದಲ ಕಂತಾಗಿ ನೇರವಾಗಿ ಖಾತೆಗೆ ಜಮಾ ಮಾಡಲಾಯಿತು. ಆಧಾರ, ಅವರೇ ಸಲ್ಲಿಸಿದ್ದ ತೆರಿಗೆ ವಿವರಗಳು. ಅಷ್ಟು ಉದಾರತೆ ನಮ್ಮ ಬೊಕ್ಕಸಕ್ಕೆ ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ವಿಧಾನ ಅನುಕರಣೀಯ. ಜಿ.ಎಸ್.ಟಿ. ವಿವರಗಳೂ ಆದಾಯ ತೆರಿಗೆ ವಿವರಗಳೂ ಈಗ ಸರ್ಕಾರದ ಕೈಯಲ್ಲೇ ಇವೆ. ತೆರಿಗೆಗೊಂದು ಲಾಭ, ಬ್ಯಾಂಕಿಗೊಂದು ಲಾಭ ತೋರಿಸುವ ನಮ್ಮ ಅಭ್ಯಾಸವು ಅಂತಹ ಯೋಜನೆಯಲ್ಲಿ ನಮಗೇ ಮುಳುವಾದೀತು ಎಂಬುದು ಬೇರೆ ಮಾತು.

ಈಗ ಹೊಸ ಕಾನೂನಿನ ವಿಚಾರ. 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸಾಂಕ್ರಾಮಿಕ ಅಥವಾ ರಾಷ್ಟ್ರೀಯ ವಿಪತ್ತಿನ ಸಂದರ್ಭದಲ್ಲಿ ಭವಿಷ್ಯ ನಿಧಿ ಮತ್ತು ನೌಕರರ ರಾಜ್ಯ ವಿಮೆಯ ವಂತಿಗೆಯನ್ನು ಒಮ್ಮೆಗೆ ಮೂರು ತಿಂಗಳವರೆಗೆ ಮುಂದೂಡಲು ಅಥವಾ ಕಡಿಮೆ ಮಾಡಲು ಕೇಂದ್ರ ಸರ್ಕಾರಕ್ಕೆ ಅದರಲ್ಲಿ ಅಧಿಕಾರವಿದೆ. ದೇಶದ ಯಾವುದೇ ಭಾಗಕ್ಕೆ ಸೀಮಿತಗೊಳಿಸಿಯೂ ಇದನ್ನು ಮಾಡಬಹುದು. ಸ್ವಾಗತಾರ್ಹವೇ. ಆದರೆ ಮುಂದೂಡಿದ ವಂತಿಗೆ ಮುಂದೊಂದು ದಿನ ಕಟ್ಟಲೇಬೇಕಾದ ಬಾಕಿ. 2020ರಂತೆ ಸರ್ಕಾರವೇ ಭರಿಸಬೇಕೆಂಬ ಬಾಧ್ಯತೆ ಈ ಕಲಮಿನಲ್ಲಿ ಇಲ್ಲ. ಸ್ವಯಂ ಉದ್ಯೋಗಿಗಳಿಗೆ ಪ್ರತ್ಯೇಕ ಯೋಜನೆ ರೂಪಿಸಬಹುದು ಎಂದೂ ಸಂಹಿತೆ ಹೇಳುತ್ತದೆ. 'ಬಹುದು' ಎಂಬ ಪದವನ್ನು ಗಮನಿಸಬೇಕು. ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯೂ ಮಾಲೀಕ ಮತ್ತು ಬಹುಪಾಲು ನೌಕರರ ಒಪ್ಪಿಗೆಯಿಂದ ಸ್ವಇಚ್ಛೆಯಾಗಿ ಭವಿಷ್ಯ ನಿಧಿಗೆ ಸೇರುವ ಅವಕಾಶ ಮುಂದುವರಿದಿದೆ, ಇದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಆದ್ದರಿಂದ ಮಂಡಳಿಯು ಈ ಸಾಲಿನ ಮನವಿ ಪತ್ರದಲ್ಲಿ ಬೆಂಬಲ ಬೆಲೆ, ಮಾರುಕಟ್ಟೆ ಶುಲ್ಕಗಳ ಜೊತೆಗೆ ಎರಡು ಬೇಡಿಕೆಗಳನ್ನು ಸೇರಿಸಬೇಕೆಂದು ನನ್ನ ಕೋರಿಕೆ. ವಿಪತ್ತು ಘೋಷಣೆಯಾದ ಕೂಡಲೇ ಸಣ್ಣ ಸಂಸ್ಥೆಗಳ ವಂತಿಗೆಯನ್ನು 2020ರ ಮಾದರಿಯಲ್ಲಿ ಸರ್ಕಾರ ಭರಿಸುವಂತೆ ನಿಯಮದಲ್ಲೇ ಬರೆಯಬೇಕು. ವರ್ತಕರು ಪ್ರತಿ ತಿಂಗಳು ಕಟ್ಟುವ, ವ್ಯಾಪಾರ ನಿಂತಾಗ ಪಡೆಯುವ ವಂತಿಗೆ ಆಧಾರಿತ ಯೋಜನೆಯೊಂದನ್ನು ವಯಸ್ಸಿನ ಮಿತಿಯಿಲ್ಲದೆ ರೂಪಿಸಬೇಕು. ಆದರೆ ದೆಹಲಿಯ ಅಧಿಕಾರಿ ನಮ್ಮನ್ನು ಕೇಳುವ ಮೊದಲ ಪ್ರಶ್ನೆ, ನಿಮ್ಮಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂಬುದು. ಹತ್ತೊಂಬತ್ತು ಎಂಬ ಉತ್ತರ ಹಿಡಿದು ಆ ಮೇಜಿನ ಮುಂದೆ ಕೂರಲು ನಾನು ಸಿದ್ಧನಿಲ್ಲ. ಸದಸ್ಯರು ತಮ್ಮ ಹಾಜರಿ ಪುಸ್ತಕ, ಕೂಲಿ ಚೀಟಿಗಳು ಮತ್ತು ಮೇಸ್ತ್ರಿಯ ಲೆಕ್ಕವನ್ನು ತಂದರೆ ನಿಜವಾದ ಸಂಖ್ಯೆ ಎಷ್ಟು, ನೋಂದಣಿಗೆ ತಗಲುವ ವೆಚ್ಚ ಎಷ್ಟು ಎಂಬುದನ್ನು ಶುಲ್ಕವಿಲ್ಲದೆ ಲೆಕ್ಕ ಹಾಕಿಕೊಡುತ್ತೇನೆ. ಮೇಲೆ ಹೇಳಿದ ನಾರಿನ ಘಟಕದವರು ಕಳೆದ ವರ್ಷವೇ ತಂದರು. ಅವರ ಪಟ್ಟಿಯಲ್ಲಿ ಈಗ ಇಪ್ಪತ್ತಾರು ಹೆಸರುಗಳಿವೆ. ತೀರಿಕೊಂಡವರ ಹಿರಿಯ ಮಗನದೂ ಅವುಗಳಲ್ಲಿ ಒಂದು.