ಕೈ ಜಾರಿದ ಲೋಟ

ಬೆಳಗಿನ ಅವಸರದಲ್ಲಿ ಮಗುವಿನ ಕೈಯಿಂದ ಹಾಲಿನ ಲೋಟ ಜಾರುತ್ತದೆ. ತಂದೆಗೆ ಕಚೇರಿಯ ಹೊತ್ತು, ತಾಯಿಗೆ ಒಲೆಯ ಮೇಲೆ ಉಕ್ಕುತ್ತಿರುವ ಸಾರು. ಬೈಗುಳ ತಾನಾಗಿಯೇ ನಾಲಗೆಗೆ ಬರುತ್ತದೆ. ಆಗ ಮಗು ಕಲಿಯುವುದು ಲೋಟವನ್ನು ಭದ್ರವಾಗಿ ಹಿಡಿಯುವುದನ್ನಲ್ಲ, ತಪ್ಪನ್ನು ಮರೆಮಾಚುವುದನ್ನು. "ಬಟ್ಟೆ ತಾ ಮರಿ, ಇಬ್ಬರೂ ಸೇರಿ ಒರೆಸೋಣ" ಎಂದರೆ, ಕೆಟ್ಟುದನ್ನು ಸರಿಪಡಿಸುವ ಹೊಣೆಯನ್ನು ಕಲಿಯುತ್ತದೆ.

ವಕೀಲಿ ವೃತ್ತಿಯನ್ನು ಬಿಟ್ಟು ಶಿಶುಶಿಕ್ಷಣಕ್ಕೆ ಬಂದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ತೆರೆದ ಬಾಲಮಂದಿರದಲ್ಲಿ ಬೆತ್ತಕ್ಕೂ ಬೆದರಿಕೆಗೂ ಎಡೆಯಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿತು. ಶಾಲೆಯಿಂದ ಹೊರಬಿದ್ದ ಬೆತ್ತ ಹೆತ್ತವರ ನಾಲಗೆಯಲ್ಲಿ ಮನೆಮಾಡಬಾರದು. ಹಾಲು ನಾಳೆಯೂ ಬರುತ್ತದೆ. ಕಳೆದುಹೋದ ನಂಬಿಕೆ ಅಷ್ಟು ಸುಲಭವಾಗಿ ಬಾರದು.